ಚುಕ್ಕೆಯ ಎರಡೂ ಬದಿಗೆ ಅದೇ ಹತ್ತು: ದಶಮಾಂಶ ಕಲಿಸುವಾಗ ಕಂಡದ್ದು

ಆರನೇ ತರಗತಿಯಲ್ಲಿ ದಶಮಾಂಶದ ಪಾಠ ತೆಗೆಯುವ ಮುಂಚೆ ಮಕ್ಕಳ ಕೈಗೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಐದೇ ಜೋಡಿ: 0.8 ಮತ್ತು 0.45, 0.35 ಮತ್ತು 0.3; 4.62 ಮತ್ತು 4.358, 0.07 ಮತ್ತು 0.7, 2.1 ಮತ್ತು 2.10. ದೊಡ್ಡದಕ್ಕೆ ಸುತ್ತು ಹಾಕಬೇಕು, ಎರಡೂ ಸಮವಾದರೆ ನಡುವೆ ಸಮಚಿಹ್ನೆ ಬರೆಯಬೇಕು, ಪಕ್ಕದಲ್ಲಿ ಯಾಕೆ ಎಂದು ಒಂದು ಸಾಲು. ಅಂಕ ಕೊಡುವುದಿಲ್ಲ, ಕೆಂಪು ಶಾಯಿ ಮುಟ್ಟಿಸುವುದೂ ಇಲ್ಲ.

ಎಷ್ಟು ಸರಿ ಎಷ್ಟು ತಪ್ಪು ಎಂದು ಎಣಿಸಿದರೆ ಈ ಚೀಟಿಯಿಂದ ಏನೂ ಸಿಗದು. ಯಾವ ಜೋಡಿಯಲ್ಲಿ ತಪ್ಪಿದ್ದಾರೆ ಎಂದು ನೋಡಬೇಕು. 0.45ಕ್ಕೂ 4.358ಕ್ಕೂ ಸುತ್ತು ಹಾಕಿದವರು ಚುಕ್ಕೆಯ ಬಲಕ್ಕಿರುವುದನ್ನು ಪೂರ್ಣಸಂಖ್ಯೆಯಂತೆ ಓದುತ್ತಿದ್ದಾರೆ. ಎಂಟಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂಬುದು ಅವರ ವಾದ. ಇನ್ನೊಂದು ಗುಂಪು ಇದಕ್ಕೆ ತದ್ವಿರುದ್ಧ: 0.35ಕ್ಕಿಂತ 0.3 ದೊಡ್ಡದು ಎನ್ನುತ್ತದೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ನೂರನೇ ಸ್ಥಾನದ ತನಕ ಹೋದ ಸಂಖ್ಯೆಯೂ ಚಿಕ್ಕದು ಎಂದು ಅವರು ತರ್ಕ ಮಾಡಿರುತ್ತಾರೆ. ತರ್ಕದ ಮೊದಲರ್ಧ ಸರಿಯಾಗಿಯೇ ಇದೆ. ಈ ಎರಡನೇ ಗುಂಪನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಒಂದನೇ ಮತ್ತು ಮೂರನೇ ಜೋಡಿಯಲ್ಲಿ ಅವರ ಉತ್ತರ ಸರಿಯೇ ಬರುತ್ತದೆ. ಬರೀ 0.8, 0.45 ಕೇಳಿ ನಿಲ್ಲಿಸಿದರೆ ಈ ಮಕ್ಕಳಿಗೆ ದಶಮಾಂಶ ಬರುತ್ತದೆ ಎಂದೇ ನಾವು ನಂಬಿಬಿಡುತ್ತೇವೆ. 2.10 ದೊಡ್ಡದು ಎಂದವರು ಹತ್ತನ್ನೂ ಒಂದನ್ನೂ ಹೋಲಿಸಿದವರು.

ತಪ್ಪಿನ ರೂಪ ಬೇರೆ ಬೇರೆಯಾದರೂ ಬುಡ ಒಂದೇ. ಚುಕ್ಕೆಯನ್ನು ಗೋಡೆ ಎಂದುಕೊಂಡು, ಅದರ ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಇನ್ನೊಂದು ಸಂಖ್ಯೆ ಎಂದು ಓದುವುದು. ದಶಮಾಂಶದ ಪಾಠದಲ್ಲಿ ಒಡೆಯಬೇಕಾದದ್ದು ಈ ಗೋಡೆಯನ್ನು. ಉಳಿದ ನಿಯಮಗಳೆಲ್ಲ ಆಮೇಲೆ ತಾವಾಗಿ ಕೂರುತ್ತವೆ.

ಈ ಗೋಡೆಯನ್ನು ಗಟ್ಟಿ ಮಾಡುವುದು ನಾವೇ, ರೂಪಾಯಿ ಪೈಸೆಯಿಂದ ಪಾಠ ಶುರು ಮಾಡಿ. ₹5.75 ಎಂದರೆ 5 ರೂಪಾಯಿ 75 ಪೈಸೆ. ಮಗು ರೂಪಾಯಿಗೆ ರೂಪಾಯಿ, ಪೈಸೆಗೆ ಪೈಸೆ ಕೂಡಿಸುತ್ತದೆ, ನೂರು ದಾಟಿದರೆ ಒಂದು ರೂಪಾಯಿ ಎಡಕ್ಕೆ ಕಳಿಸುತ್ತದೆ. ಲೆಕ್ಕವೆಲ್ಲ ಸರಿ, ಆದರೆ ಅಲ್ಲಿ ದಶಮಾಂಶವೇ ಇಲ್ಲ, ಎರಡು ಪೂರ್ಣಸಂಖ್ಯೆಗಳಿವೆ. ಹಣದಲ್ಲಿ ಚುಕ್ಕೆಯ ಬಲಕ್ಕೆ ಯಾವಾಗಲೂ ಎರಡೇ ಅಂಕಿ, ಹಾಗಾಗಿ 0.8 ಮತ್ತು 0.45ರ ಪ್ರಶ್ನೆ ಹುಟ್ಟುವುದೇ ಇಲ್ಲ. 5.7 ಎಂದು ಬರೆದರೆ ಐದು ರೂಪಾಯಿ ಏಳು ಪೈಸೆ ಎಂದು ಓದುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅದೂ ಅಲ್ಲದೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ. ಇಂದಿನ ಆರನೇ ತರಗತಿಯವರಿಗೆ ಹತ್ತು ಪೈಸೆ ಎಂಬುದು ಕಣ್ಣಲ್ಲಿ ಕಾಣದ ವಸ್ತು. ಹಣ ಬೇಡವೇ ಬೇಡ ಎಂದಲ್ಲ, ಅದು ಕೊನೆಗೆ ಬರಲಿ.

ನಮ್ಮ ಕೈಗೆ ಒಗ್ಗಿರುವ ಸಾಮಗ್ರಿ ಮಿಲಿಮೀಟರ್ ಗ್ರಾಫ್ ಹಾಳೆ, ಯಾವ ಪುಸ್ತಕದಂಗಡಿಯಲ್ಲಾದರೂ ಸಿಗುತ್ತದೆ. ಗೆರೆ ಇರುವ ಭಾಗ 18 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ್ದಾದರೆ ಒಂದು ಹಾಳೆಯಿಂದ 10 ಸೆಂ.ಮೀ. × 10 ಸೆಂ.ಮೀ. ಅಳತೆಯ 2 ಚೌಕ ಒಂದರ ಕೆಳಗೊಂದು ಬರುತ್ತವೆ. ಪಕ್ಕದ 8 ಸೆಂ.ಮೀ. ಅಗಲದಲ್ಲಿ 1 ಸೆಂ.ಮೀ. × 10 ಸೆಂ.ಮೀ. ಪಟ್ಟಿಗಳು 16. ಅಡಿಯಲ್ಲಿ ಉಳಿದ 18 × 5ರ ತುಂಡಿನಲ್ಲಿ 1 ಸೆಂ.ಮೀ. ಬಿಲ್ಲೆಗಳು 90. ಒಂದು ಚೂರೂ ಪೋಲಾಗುವುದಿಲ್ಲ. ನಾಲ್ಕು ಮಕ್ಕಳ ಗುಂಪಿಗೆ ಮೂರು ಹಾಳೆ ಸಾಕು. ಕತ್ತರಿಸುವ ಮೊದಲೇ ಹಾಳೆಯನ್ನು ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದಕ್ಕೆ ಅಂಟಿಸಿಕೊಳ್ಳಿ. ಅಂಟು ನೀರಾಗಿರಬಾರದು. ನೀರು ಕುಡಿದ ಹಾಳೆ ಹಿಗ್ಗಿ ಹತ್ತು ಪಟ್ಟಿ ಜೋಡಿಸಿದಾಗ ಚೌಕಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಬರುತ್ತದೆ. ಹತ್ತು ಪಟ್ಟಿಗೆ ಸರಿಯಾಗಿ ಒಂದು ಚೌಕ ಎಂಬುದನ್ನು ಮಗು ಕೈಯಾರೆ ಇಟ್ಟು ನೋಡಬೇಕಾದ ಜಾಗ ಅದು. ಅಲ್ಲಿ ಮಿಲಿಮೀಟರ್ ಕೂಡ ಹೆಚ್ಚು ಕಡಿಮೆ ಆಗಬಾರದು.

ದೊಡ್ಡ ಚೌಕಕ್ಕೆ 'ಒಂದು' ಎಂದು ಹೆಸರಿಡುತ್ತೇವೆ. ಪಟ್ಟಿ ಹತ್ತನೇ ಒಂದು ಭಾಗ, ಬಿಲ್ಲೆ ನೂರನೇ ಒಂದು ಭಾಗ. ಬರವಣಿಗೆ ಇನ್ನೂ ಬೇಡ, ಮೊದಲು ಆಟ. ಎರಡು ದಾಳ ಎಸೆದು ಬಿದ್ದಷ್ಟು ಬಿಲ್ಲೆ ತೆಗೆದುಕೊಳ್ಳುವುದು, ಹತ್ತು ಬಿಲ್ಲೆಯಾದ ಕೂಡಲೇ ಕೊಟ್ಟು ಒಂದು ಪಟ್ಟಿ ಪಡೆಯುವುದು, ಹತ್ತು ಪಟ್ಟಿಗೆ ಚೌಕ. ಚೌಕ ಮೊದಲು ಸಿಕ್ಕವರದು ಗೆಲುವು. ಇದನ್ನು ಎಲ್ಲರೂ ಬೇಗ ಹಿಡಿಯುತ್ತಾರೆ. ಮರುದಿನ ಇದನ್ನೇ ತಿರುಗಿಸಿ: ಕೈಯಲ್ಲಿ ಒಂದು ಚೌಕ, ದಾಳ ಬಿದ್ದಷ್ಟು ಬಿಲ್ಲೆ ಹಿಂದಿರುಗಿಸಬೇಕು, ಮೊದಲು ಕೈ ಬರಿದಾದವರು ಗೆದ್ದರು. ಏಳು ಬಿತ್ತು, ಕೈಯಲ್ಲಿರುವುದು ಒಂದೇ ಚೌಕ. ಅದನ್ನು ಹತ್ತು ಪಟ್ಟಿ ಮಾಡಿ, ಒಂದು ಪಟ್ಟಿಯನ್ನು ಹತ್ತು ಬಿಲ್ಲೆ ಮಾಡಿ, ಏಳು ಕೊಟ್ಟರೆ ಉಳಿಯುವುದು 9 ಪಟ್ಟಿ, 3 ಬಿಲ್ಲೆ. ಮುಂದೆ 1 − 0.07 ಎಂಬ ಲೆಕ್ಕದಲ್ಲಿ ದಶಕ ಪಡೆಯಲು ತಡಬಡಾಯಿಸುವವರು ಬಹುಪಾಲು ಈ ಎರಡನೇ ಆಟವನ್ನು ಸರಿಯಾಗಿ ಆಡದವರೇ. ಪಾಠಕ್ಕೆ ಹೊತ್ತು ಕಡಿಮೆ ಇದ್ದರೆ ಮೊದಲ ಆಟ ಬಿಡಿ, ಎರಡನೆಯದನ್ನು ಬಿಡಬೇಡಿ.

ಆಮೇಲೆ ಕೋಷ್ಟಕ. ಮೂರು ಕಂಬ: ಚೌಕ, ಪಟ್ಟಿ, ಬಿಲ್ಲೆ. 2 ಚೌಕ, 3 ಪಟ್ಟಿ, 5 ಬಿಲ್ಲೆ ಇಟ್ಟು ಕೆಳಗೆ 2, 3, 5 ಎಂದು ಬರೆಯುತ್ತಾರೆ. ಕಂಬದ ಹೆಸರುಗಳನ್ನು ಅಳಿಸಿಬಿಟ್ಟರೆ? ಇನ್ನೂರ ಮೂವತ್ತೈದು ಎಂದು ಓದಿಬಿಡುವ ಅಪಾಯವಿದೆ. 'ಒಂದು' ಎಲ್ಲಿದೆ ಎಂದು ತೋರಿಸಲು ಒಂದು ಗುರುತು ಬೇಕು, ಅದೇ ಚುಕ್ಕೆ. ಚುಕ್ಕೆಗೆ ಬೇರಾವ ಕೆಲಸವೂ ಇಲ್ಲ. ತನ್ನ ಎಡಕ್ಕಿರುವ ಅಂಕಿಯೇ ಬಿಡಿಸ್ಥಾನ ಎಂದು ಹೇಳುವುದಷ್ಟೇ. ಇದನ್ನು ಖಚಿತ ಮಾಡಲು ಒಂದು ಅಭ್ಯಾಸ ಇದೆ, ಇಡೀ ಪಾಠದಲ್ಲಿ ಹೆಚ್ಚು ಫಲ ಕೊಡುವುದು ಇದೇ ಎಂಬುದು ನಮ್ಮ ಅಭಿಪ್ರಾಯ. ಮೇಜಿನ ಮೇಲಿನ ತುಂಡುಗಳನ್ನು ಮುಟ್ಟದೆ 'ಒಂದು' ಯಾವುದು ಎಂಬುದನ್ನು ಬದಲಿಸುವುದು. ಇವತ್ತು ಪಟ್ಟಿಯೇ ಒಂದು ಎಂದರೆ ಅದೇ ರಾಶಿ 23.5. ಬಿಲ್ಲೆಯೇ ಒಂದು ಎಂದರೆ 235. ಅಂಕಿಗಳು ಅವೇ, ಕ್ರಮ ಅದೇ, ಚುಕ್ಕೆ ಮಾತ್ರ ಜಾಗ ಬದಲಿಸಿತು. 2.35 ಮೀಟರ್, 23.5 ಡೆಸಿಮೀಟರ್, 235 ಸೆಂಟಿಮೀಟರ್ ಒಂದೇ ಉದ್ದ ಎಂಬುದು ಇಲ್ಲಿಂದ ಒಂದೇ ಹೆಜ್ಜೆ. ಕತ್ತರಿಸದ ಹಾಳೆಯೊಂದನ್ನು ತೋರಿಸಿ ಇದರಲ್ಲಿ ಎಷ್ಟು 'ಒಂದು' ಇವೆ ಎಂದು ಕೇಳಿದರೂ ಒಳ್ಳೆಯ ಲೆಕ್ಕವಾಗುತ್ತದೆ: 2 ಚೌಕ, 16 ಪಟ್ಟಿ, 90 ಬಿಲ್ಲೆ, ಎಂದರೆ 2 + 1.6 + 0.9 = 4.5. ಬಿಲ್ಲೆ ಲೆಕ್ಕದಲ್ಲಿ 18 × 25 = 450. ತಾಳೆಯಾಗುತ್ತದೆ.

ದಶಾಂಶ, ಶತಾಂಶ, ಸಹಸ್ರಾಂಶ ಎಂಬ ಹೆಸರುಗಳನ್ನು ಈಗ ಕೊಡಬಹುದು. ಆಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: ಎಡಕ್ಕೆ ಬಿಡಿ, ಹತ್ತು, ನೂರು ಇವೆ, ಬಲಕ್ಕೆ ನೇರವಾಗಿ ಹತ್ತನೇ ಭಾಗದಿಂದ ಶುರು, ಒಂದನೇ ಭಾಗ ಎಲ್ಲಿ ಹೋಯಿತು? ಈ ಪ್ರಶ್ನೆ ಬಂದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ. ಎರಡೂ ಬದಿ ಸಮನಾಗಿ ಹರಡಿರುವುದು ಚುಕ್ಕೆಯಿಂದಲ್ಲ, ಬಿಡಿಸ್ಥಾನದಿಂದ. ಬಿಡಿಯ ಎಡಕ್ಕೆ ಹತ್ತು, ಬಲಕ್ಕೆ ಹತ್ತನೇ ಒಂದು. ಎಡಕ್ಕೆ ಇನ್ನೊಂದು ಹೆಜ್ಜೆಗೆ ನೂರು, ಬಲಕ್ಕೆ ನೂರನೇ ಒಂದು. ಕಪ್ಪು ಹಲಗೆಯ ಮೇಲೆ ಬಿಡಿಸ್ಥಾನದ ಕಂಬಕ್ಕೆ ಬಣ್ಣ ತುಂಬಿ ತೋರಿಸಿದರೆ ಗೊಂದಲ ಅಲ್ಲೇ ಮುಗಿಯುತ್ತದೆ.

ಸ್ಥಾನದಿಂದ ಸ್ಥಾನಕ್ಕೆ ಹತ್ತು ಪಟ್ಟು ಎಂದು ಆರ್ಯಭಟ ಐದನೇ ಶತಮಾನದ ಕೊನೆಗೇ ಸೂತ್ರ ಮಾಡಿಟ್ಟಿದ್ದ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ನಮ್ಮ ನೆಲದಲ್ಲಿದ್ದ ಮಹಾವೀರಾಚಾರ್ಯ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟ. ಅವೆಲ್ಲ ಎಡಕ್ಕೆ ಬೆಳೆದ ಸ್ಥಾನಗಳು. ಅದೇ ಹತ್ತನ್ನು ಬಲಕ್ಕೂ ಇಳಿಸಿ ಬರೆಯುವ ಪ್ರಯತ್ನ ಹತ್ತನೇ ಶತಮಾನದ ದಮಾಸ್ಕಸ್‌ನಲ್ಲಿ, ಹದಿನೈದನೇ ಶತಮಾನದ ಸಮರಕಂದದಲ್ಲಿ ಕಾಣುತ್ತದೆ. ಯುರೋಪಿನಲ್ಲಿ ಅದು ಎಲ್ಲರ ಬಳಕೆಗೆ ಬಂದದ್ದು ಸೈಮನ್ ಸ್ಟೆವಿನ್ 1585ರಲ್ಲಿ ಅದರ ಬಗ್ಗೆ ಬರೆದ ಮೇಲೆ. ಎಡದಿಂದ ಬಲಕ್ಕೆ ದಾಟಲು ದೊಡ್ಡ ಗಣಿತಜ್ಞರಿಗೇ ಇಷ್ಟು ಶತಮಾನ ಹಿಡಿದಿರುವಾಗ, ಲಕ್ಷದ ತನಕ ಸಲೀಸಾಗಿ ಓದುವ ಮಗು 0.07ರ ಮುಂದೆ ನಿಂತುಬಿಟ್ಟರೆ ಅದನ್ನು ದಡ್ಡತನ ಎನ್ನಲಾಗದು.

ಓದುವ ರೀತಿಯ ಮೇಲೆ ತುಂಬಾ ಎಚ್ಚರ ಬೇಕು. 2.35 ಅನ್ನು 'ಎರಡು ಪಾಯಿಂಟ್ ಮೂವತ್ತೈದು' ಎಂದು ಮೇಷ್ಟ್ರೇ ಓದಿದರೆ ಮಾಡಿದ ಪಾಠವೆಲ್ಲ ನೀರುಪಾಲು. 'ಎರಡು ಪಾಯಿಂಟ್ ಮೂರು ಐದು' ಎನ್ನಬೇಕು. ಮೊದಲ ಕೆಲವು ವಾರ ಅದೂ ಬೇಡ, 'ಎರಡು, ಹತ್ತನೇ ಮೂರು, ನೂರನೇ ಐದು' ಎಂದು ಉದ್ದಕ್ಕೇ ಓದಿಸುವುದು ಒಳ್ಳೆಯದು. ಮನೆಯಲ್ಲಿ ಪಾಠ ಹೇಳಿಕೊಡುವ ಅಪ್ಪ ಅಮ್ಮನಿಗೂ ಇದೊಂದು ಮಾತು ಹೇಳಿ ಕಳಿಸಿ.

ಹೋಲಿಕೆಗೆ ಈಗ ತುಂಡುಗಳೇ ಸಾಕ್ಷಿ. 0.8 ಎಂದರೆ ಎಂಟು ಪಟ್ಟಿ, 0.45 ಎಂದರೆ ನಾಲ್ಕು ಪಟ್ಟಿ ಮತ್ತು ಐದು ಬಿಲ್ಲೆ. ಚೌಕದ ಮೇಲೆ ಇಟ್ಟರೆ ಒಂದು ಅರ್ಧಕ್ಕಿಂತ ಬಹಳ ಮೇಲೆ, ಇನ್ನೊಂದು ಅರ್ಧ ಮುಟ್ಟಿಲ್ಲ. ಇಲ್ಲಿ ನಮ್ಮಲ್ಲಿ ಅನೇಕರು ಒಂದು ಉಪಾಯ ಹೇಳಿಕೊಡುತ್ತಾರೆ: ಸೊನ್ನೆ ಸೇರಿಸಿ ಅಂಕಿ ಸಮ ಮಾಡು, 0.80 ಮತ್ತು 0.45, ಈಗ 80 ದೊಡ್ಡದು. ಉತ್ತರ ಸರಿ ಬರುತ್ತದೆ, ಆದರೆ ಮಗು ಮತ್ತೆ ಎರಡು ಪೂರ್ಣಸಂಖ್ಯೆಗಳನ್ನೇ ಹೋಲಿಸಿತು. ಎಂಟು ಪಟ್ಟಿಯನ್ನು ಎಂಬತ್ತು ಬಿಲ್ಲೆಯಾಗಿ ಒಡೆದು ನೋಡಿದ ಮೇಲೆ ಈ ಉಪಾಯ ಹೇಳಿದರೆ ಅದಕ್ಕೆ ಅರ್ಥವಿದೆ, ಮೊದಲೇ ಹೇಳಿದರೆ ಪರೀಕ್ಷೆ ದಾಟಿಸುವ ಊರುಗೋಲು ಅಷ್ಟೇ.

ಎಣಿಸುವುದರಲ್ಲೂ ಒಂದು ಗುಂಡಿ ಇದೆ. 0.7, 0.8, 0.9 ಆದ ಮೇಲೆ ಹೆಚ್ಚಿನವರು 0.10 ಎನ್ನುತ್ತಾರೆ. ಪಟ್ಟಿ ಒಂದೊಂದಾಗಿ ಇಡುತ್ತಾ ಎಣಿಸಿದರೆ ಹತ್ತನೆಯದಕ್ಕೆ ಚೌಕ ತುಂಬಿಬಿಡುತ್ತದೆ, ಅದು 1.0. ಬಿಲ್ಲೆ ಇಡುತ್ತಾ 0.08, 0.09 ಎಂದು ಎಣಿಸಿದರೆ ಮುಂದಿನದು ನಿಜಕ್ಕೂ 0.10. ಎರಡನ್ನೂ ಒಂದೇ ದಿನ ಅಕ್ಕಪಕ್ಕ ಮಾಡಿಸಿ. ಸಾದಾ ಕ್ಯಾಲ್ಕುಲೇಟರ್ ಇದ್ದರೆ 0.1 ಒತ್ತಿ + ಒತ್ತಿ = ಅನ್ನು ಮತ್ತೆ ಮತ್ತೆ ಒತ್ತಬಹುದು (ಕೆಲವದರಲ್ಲಿ + ಎರಡು ಸಲ ಒತ್ತಬೇಕು). ಪ್ರತಿ ಸಲ ಒತ್ತುವ ಮುಂಚೆ ಏನು ಬರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅದು ಬೆರಳಿನ ವ್ಯಾಯಾಮವಾಗುತ್ತದೆ. ಕೆಳಮುಖವಾಗಿ 1.02, 1.01, 1.00, 0.99 ಎಂದು ಇಳಿಯುವುದನ್ನೂ ಬಿಡಬಾರದು.

ಸೊನ್ನೆಯ ವಿಷಯ ಬಂದಾಗ ತರಗತಿಯಿಂದ ಹೊರಗೆ ಹೋಗುವುದು ಲೇಸು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಕಿಲೋದಲ್ಲಿ ಮೂರು ಸ್ಥಾನ ತೋರಿಸುತ್ತದೆ. ಕಾಲು ಕಿಲೋ ಎಂದರೆ 0.250, ಎಂಬತ್ತೈದು ಗ್ರಾಂ ಮೆಣಸಿನಕಾಯಿ 0.085. ಈ ಎರಡನೆಯದನ್ನು 0.85 ಎಂದು ಬರೆದರೆ ತೂಕ ಹತ್ತು ಪಟ್ಟು ಏರಿತು, ಎಂಟುನೂರೈವತ್ತು ಗ್ರಾಂ. ಹಾಗೆಯೇ ಚಿನ್ನದಂಗಡಿಯ ರಸೀದಿಯಲ್ಲಿ 4.050 ಗ್ರಾಂ ಮತ್ತು 4.500 ಗ್ರಾಂ ಒಂದೇ ಅಲ್ಲ, ನಡುವೆ ಅರ್ಧ ಗ್ರಾಂಗೆ ಹತ್ತಿರದ ವ್ಯತ್ಯಾಸ, 0.45 ಗ್ರಾಂ. ನಡುವಿನ ಸೊನ್ನೆ ಜಾಗ ಕಾಯುತ್ತದೆ. ಕೊನೆಯ ಸೊನ್ನೆ ಸಂಖ್ಯೆಯ ಬೆಲೆಯನ್ನು ಬದಲಿಸುವುದಿಲ್ಲ, ಆದರೆ ಅಳತೆಯಲ್ಲಿ ಅದು ಸುಮ್ಮನೆ ಕೂತಿಲ್ಲ: 0.250 ಎಂಬ ಬರಹ ತಕ್ಕಡಿ ಗ್ರಾಂ ಸ್ಥಾನದ ತನಕ ನೋಡಿದೆ, ಅಲ್ಲಿ ಏನೂ ಇಲ್ಲ ಎಂದು ತಿಳಿಸುತ್ತದೆ. ಹಳ್ಳಿಯ ಹಾಲಿನ ಡೈರಿಯ ಚೀಟಿಯೂ ಒಳ್ಳೆಯ ಪಠ್ಯ. ಫ್ಯಾಟ್ 3.8 ಎಂದರೆ ನೂರು ಕಿಲೋ ಹಾಲಿನಲ್ಲಿ 3.8 ಕಿಲೋ ಜಿಡ್ಡು, ಹತ್ತು ಕಿಲೋದಲ್ಲಿ 0.38. ಮನೆಯಲ್ಲಿ ಹಸು ಕಟ್ಟಿದ ಮಕ್ಕಳು 3.8ಕ್ಕೂ 4.1ಕ್ಕೂ ಇರುವ ಅಂತರವನ್ನು ಪುಸ್ತಕಕ್ಕಿಂತ ಚೆನ್ನಾಗಿ ಬಲ್ಲರು.

ಕೂಡುವ ಲೆಕ್ಕದಲ್ಲಿ 0.4 + 0.27 ಕೊಟ್ಟರೆ 0.31 ಎಂಬ ಉತ್ತರ ಧಾರಾಳವಾಗಿ ಬರುತ್ತದೆ. ಪೂರ್ಣಸಂಖ್ಯೆ ಕೂಡುವಾಗ ಬಲದಂಚಿಗೆ ಸಾಲು ಹಿಡಿಸಿ ಅಭ್ಯಾಸವಾಗಿದೆ, ಅದೇ ಇಲ್ಲಿ ಮುಂದುವರಿಯಿತು. 'ಚುಕ್ಕೆಯ ಕೆಳಗೆ ಚುಕ್ಕೆ' ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಪಟ್ಟಿಗೆ ಪಟ್ಟಿ, ಬಿಲ್ಲೆಗೆ ಬಿಲ್ಲೆ ಎಂದು ಇಡಿಸಿದರೆ ಚುಕ್ಕೆ ತಾನಾಗಿ ಸಾಲಾಗುತ್ತದೆ. ನಾಲ್ಕು ಪಟ್ಟಿಗೆ ಎರಡು ಪಟ್ಟಿ ಸೇರಿದರೇ ಆರಾಯಿತು, 0.31 ಹೇಗಾದೀತು ಎಂದು ಮಗುವೇ ಕೇಳುತ್ತದೆ.

ಹತ್ತರಿಂದ ಗುಣಿಸುವಾಗ 'ಒಂದು ಸೊನ್ನೆ ಹಾಕು' ಎಂಬ ಹಳೆಯ ನಿಯಮ ಕೈಕೊಡುತ್ತದೆ: 2.5 × 10 = 2.50 ಎಂದು ಬರೆದು ಕೂರುತ್ತಾರೆ. ಇದಕ್ಕೆ ಮದ್ದೆಂದು 'ಚುಕ್ಕೆಯನ್ನು ಬಲಕ್ಕೆ ಸರಿಸು' ಎನ್ನುವುದು ಇನ್ನೊಂದು ಬಾಯಿಪಾಠ, ಭಾಗಾಕಾರಕ್ಕೆ ಬಂದಾಗ ಯಾವ ದಿಕ್ಕು ಎಂಬುದೇ ಮರೆತುಹೋಗುತ್ತದೆ. ನಿಜವಾಗಿ ಸರಿಯುವುದು ಅಂಕಿಗಳು. ಪ್ರತಿ ಬಿಲ್ಲೆ ಪಟ್ಟಿಯಾಯಿತು, ಪ್ರತಿ ಪಟ್ಟಿ ಚೌಕವಾಯಿತು, ಅಂದರೆ ಎಲ್ಲ ಅಂಕಿಯೂ ಒಂದು ಕಂಬ ಎಡಕ್ಕೆ ಹೋಯಿತು. ಕೋಷ್ಟಕದಲ್ಲಿ ಅಂಕಿ ಬರೆದ ಕಾಗದದ ತುಂಡುಗಳನ್ನು ಕೈಯಿಂದ ಸರಿಸಿ ಮಾಡಿಸಿದರೆ ದಿಕ್ಕು ತಪ್ಪುವುದಿಲ್ಲ.

0.3 × 0.2ಕ್ಕೆ 0.6 ಎನ್ನುವುದು ಏಳನೇ ತರಗತಿಯಲ್ಲೂ ಉಳಿಯುವ ತಪ್ಪು. ಗ್ರಾಫ್ ಚೌಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಬದಿ 1 ಇರುವ ಚೌಕದಲ್ಲಿ ಅಗಲಕ್ಕೆ 0.3, ಎತ್ತರಕ್ಕೆ 0.2 ಗೆರೆ ಎಳೆದು ಒಳಗಿನ ಆಯತಕ್ಕೆ ಬಣ್ಣ ಹಚ್ಚಿದರೆ ಸಿಗುವುದು ಆರು ಬಿಲ್ಲೆ. ಆರು ಪಟ್ಟಿಯಲ್ಲ. ಹಾಗಾಗಿ 0.06. ಗುಣಿಸಿದರೆ ಸಂಖ್ಯೆ ದೊಡ್ಡದಾಗಲೇಬೇಕು ಎಂಬ ನಂಬಿಕೆಯೂ ಆ ಚಿತ್ರದ ಮುಂದೆ ನಿಲ್ಲುವುದಿಲ್ಲ. ಭಾಗಾಕಾರಕ್ಕೆ ಒಂದು ಚೌಕವನ್ನು ಮೂವರಿಗೆ ಹಂಚಲು ಕೊಡಿ: ಮೂರು ಮೂರು ಪಟ್ಟಿ, ಒಂದು ಉಳಿಯಿತು, ಅದನ್ನು ಒಡೆದರೆ ಮೂರು ಮೂರು ಬಿಲ್ಲೆ, ಮತ್ತೆ ಒಂದು ಉಳಿಯಿತು, ಬಿಲ್ಲೆಯನ್ನು 1 ಮಿ.ಮೀ. × 1 ಸೆಂ.ಮೀ. ಸೀಳುಗಳಾಗಿ ಕತ್ತರಿಸಿದರೂ ಒಂದು ಉಳಿಯುತ್ತದೆ. 0.333… ಎಂಬ ಚುಕ್ಕಿಗಳ ಸಾಲು ಯಾಕೆ ಮುಗಿಯುವುದಿಲ್ಲ ಎಂದು ವಿವರಿಸುವ ಅಗತ್ಯವೇ ಬೀಳದು. ಎಂಟು ಜನಕ್ಕೆ ಹಂಚಿಸಿ ನೋಡಿ, 0.125ಕ್ಕೆ ಅಚ್ಚುಕಟ್ಟಾಗಿ ಮುಗಿಯುತ್ತದೆ.

ಇಷ್ಟು ಗಟ್ಟಿಯಾದ ಮೇಲೆ, ಅದಕ್ಕೂ ಮುಂಚೆ ಅಲ್ಲ, ದಶಮಾಂಶದಂತೆ ಕಾಣುವ ಆದರೆ ದಶಮಾಂಶವಲ್ಲದ ಬರಹಗಳನ್ನು ಎದುರಿಗಿಡುತ್ತೇವೆ. ಕ್ರಿಕೆಟ್‌ನ 4.3 ಓವರ್ ಎಂದರೆ ನಾಲ್ಕು ಓವರ್ ಮತ್ತು ಮೂರು ಎಸೆತ. ಓವರಿಗೆ ಆರು ಎಸೆತ, ಹಾಗಾಗಿ ಅದು ನಾಲ್ಕೂವರೆ, 4.5. ಅಷ್ಟರಲ್ಲಿ 36 ರನ್ ಬಂದಿದ್ದರೆ ರನ್ ರೇಟ್ 36 ÷ 4.5 = 8; 4.3ರಿಂದ ಭಾಗಿಸಿದವರಿಗೆ 8.37 ಬರುತ್ತದೆ, ತಪ್ಪು. 19.5ರ ನಂತರ 19.6 ಬರದೆ 20 ಬರುವುದನ್ನು ಟಿವಿಯಲ್ಲಿ ನೋಡಿರುವ ಮಕ್ಕಳು ಇದನ್ನು ತಟ್ಟನೆ ಒಪ್ಪುತ್ತಾರೆ. 5 ಅಡಿ 6 ಅಂಗುಲವನ್ನು 5.6 ಅಡಿ ಎಂದು ಬರೆಯುವುದೂ ಇದೇ ಬಗೆ, ಅದು 5.5 ಅಡಿ, 5.6 ಅಡಿ ಎಂದರೆ 5 ಅಡಿ 7.2 ಅಂಗುಲ. ಒಂದೂವರೆ ಗಂಟೆ 1.30 ಎಂದು ಗಡಿಯಾರದಲ್ಲಿ ಸರಿ, ವೇಗದ ಲೆಕ್ಕಕ್ಕೆ 1.5 ಬೇಕು.

ಇವುಗಳಲ್ಲಿ ಮನೆಮಂದಿಗೆ ನೇರವಾಗಿ ತಟ್ಟುವುದು ಪಹಣಿ. ಹಳೆ ಮೈಸೂರು ಕಡೆಯ ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿದ್ದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 2.5 ಎಕರೆ. ಎಕರೆಗೆ ₹10 ಲಕ್ಷ ಎಂದಿಟ್ಟುಕೊಂಡು ಕ್ಯಾಲ್ಕುಲೇಟರಿನಲ್ಲಿ 2.20 ಒತ್ತಿದವರಿಗೆ ₹22 ಲಕ್ಷ ಬರುತ್ತದೆ, ಬರಬೇಕಾದದ್ದು ₹25 ಲಕ್ಷ. ಕೂಡುವಾಗಲೂ ಹಾಗೇ: 1.25ಕ್ಕೆ 2.20 ಸೇರಿದರೆ 3.45 ಅಲ್ಲ. 45 ಗುಂಟೆಯಲ್ಲಿ 40 ಒಂದು ಎಕರೆಯಾಗಿ ಎಡಕ್ಕೆ ಹೋಗಿ 4.05 ಆಗಬೇಕು, ಎಂದರೆ 4 ಎಕರೆ 5 ಗುಂಟೆ, ದಶಮಾಂಶದಲ್ಲಿ 4.125 ಎಕರೆ. ಇಲ್ಲಿ ದಶಕ ಹತ್ತಕ್ಕೆ ಬರುವುದಿಲ್ಲ, ನಲವತ್ತಕ್ಕೆ ಬರುತ್ತದೆ ಎಂದು ಮಕ್ಕಳೇ ಹೇಳುವ ತನಕ ಮೂರು ನಾಲ್ಕು ಲೆಕ್ಕ ಮಾಡಿಸಬೇಕು. ಕರಾವಳಿಯಲ್ಲಿ ಎಕರೆಗೆ 100 ಸೆಂಟ್ಸ್; ಅಲ್ಲಿ 2 ಎಕರೆ 20 ಸೆಂಟ್ಸ್ ಅನ್ನು 2.20 ಎಂದು ಬರೆದರೆ ಅದು ಅಸಲಿ ದಶಮಾಂಶವೇ, ಲೆಕ್ಕ ಹಾಗೇ ಹಾಕಬಹುದು. ಆದ್ದರಿಂದ ಮನೆಯ ಪಹಣಿ ತರಲು ಹೇಳುವ ಮೊದಲು ಆ ಊರಿನ ಲೆಕ್ಕ ಗುಂಟೆಯದೋ ಸೆಂಟ್ಸಿನದೋ ವಿಚಾರಿಸಿಕೊಂಡಿರಿ, ಬೇರೆ ಜಿಲ್ಲೆಯಿಂದ ಬಂದು ಸೇರಿದ ಮಕ್ಕಳಿದ್ದರೆ ಎರಡೂ ಬಗೆಯ ಪ್ರತಿ ತರಿಸಿ, 20 ಗುಂಟೆಗೆ ಎಷ್ಟು ಸೆಂಟ್ಸ್ ಎಂಬ ಪ್ರಶ್ನೆಯಿಂದ ಶುರು ಮಾಡಿ.